ಹಿಂದೆ ಯಾರೂ ಕೂರಬಾರದು

ಡ್ರೈವರಿಗೆ ಮನೆ ಕೊಡುವುದಿಲ್ಲ ಅಂತ ನಾನು ಹಠ ಹಿಡಿದಿದ್ದೆ. ಹೊಸ ತಿಪ್ಪಸಂದ್ರದ ನಮ್ಮ ಮನೆಯ ಹಿಂಭಾಗದಲ್ಲಿ ಎರಡು ಕೋಣೆ ಖಾಲಿ ಬಿದ್ದಿದ್ದವು. ನಮ್ಮ ಯಜಮಾನರಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ, ನಾನು ಹಲಸೂರಿನ ಒಂದು ಸ್ಕೂಲಿನಲ್ಲಿ ಟೀಚರು. ಬಾಡಿಗೆಗೆ ಯಾರಾದರೂ ಕಾರ್ಖಾನೆಯವರೇ ಬರಲಿ, ಬೆಳಿಗ್ಗೆ ಡಬ್ಬಿ ಹಿಡಿದು ಹೋಗಿ ಸಂಜೆ ತೆಪ್ಪಗೆ ವಾಪಸು ಬರುವಂಥವರು ಸಿಗಲಿ ಅಂತ ನನ್ನ ಆಸೆ. ಒಂದು ಭಾನುವಾರ ಯಜಮಾನರು ಗೇಟಿನ ಹತ್ತಿರ ಯಾರ ಜೊತೆಗೋ ಸುಮಾರು ಹೊತ್ತು ಮಾತಾಡಿ, ಒಳಗೆ ಬಂದು, "ಗುಲ್ಬರ್ಗದ ಕಡೆಯವನು ಕಣೇ. ಗಂಡ ಹೆಂಡ್ತಿ ಇಬ್ರೇ. ಹೂಂ ಅಂದ್ಬಿಟ್ಟೆ" ಅಂದರು.

"ಏನ್ ಕೆಲಸ?"

"ಪಿಕಪ್ ಓಡಿಸ್ತಾನೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಗಾಡಿ ಎಲ್ಲಿ ನಿಲ್ಲಿಸ್ತಾನಂತೆ, ನಿಮ್ಮ ತಲೆ ಮೇಲಾ? ಬೆಳಗಿನ ಜಾವ ಎದ್ದು ಡೀಸೆಲ್ ಗಾಡಿ ಗುರ್ ಅನ್ನಿಸಿದ್ರೆ ನಿಮ್ಮಮ್ಮ ಸುಮ್ನಿರ್ತಾರಾ?" ಅಂದೆ. ಯಜಮಾನರು ಪೇಪರು ಬಿಡಿಸಿ ಮುಖದ ಮುಂದೆ ಹಿಡಿದುಕೊಂಡರು. ಅವರ ಮಟ್ಟಿಗೆ ಮಾತು ಮುಗಿದಿತ್ತು.

ಹಾಗೆ ಬಂದವನು ಹೆಚ್ಚುಕಡಿಮೆ ಹದಿನೈದು ವರ್ಷ ನಮ್ಮ ಮನೆಯಲ್ಲಿದ್ದ. ಆಮೇಲೆ ಹೊರಮಾವಿನಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡು ಹೋದ. ಹೋದ ತಿಂಗಳು ಅವನ ಹೆಂಡತಿ ಒಬ್ಬಳೇ ಬಸ್ಸು ಹಿಡಿದು ಬಂದಳು. ಗೇಟು ತೆಗೆದ ಸದ್ದಿಗೆ ನಾನು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ಬಿಟ್ರ್ರಿ ಅಕ್ಕೋರ. ಎದಿ ಹಿಡ್ಕೊಂಡು ಕುಂತಾರ, ಅಷ್ಟೇ. ನೀರು ಕೊಡೂದ್ರಾಗ ಇಲ್ಲ" ಅಂದಳು. ಫೋನಿನಲ್ಲಿ ಹೇಳಬಹುದಿತ್ತು. ಎದುರಿಗೆ ಕೂತು ಹೇಳಬೇಕು ಅನ್ನಿಸಿದೆ ಅವಳಿಗೆ. ಆವತ್ತಿನಿಂದ ನನ್ನ ತಲೆಯಲ್ಲಿ ಆ ಮನುಷ್ಯನೇ ಸುತ್ತುತ್ತಿದ್ದಾನೆ. ಬರೆದಾದರೂ ಬಿಡೋಣ ಅಂತ ಕೂತಿದ್ದೇನೆ.

ಅವರ ಕಡೆ ಹೆಂಗಸು ಟೀಚರನ್ನು ಅಕ್ಕೋರು ಅನ್ನುತ್ತಾರೆ. ಆತ ನನ್ನನ್ನು ಮೊದಲ ದಿನದಿಂದ ಹಾಗೇ ಕರೆದ. ನನಗಿಂತ ಎಷ್ಟೋ ಚಿಕ್ಕವನು. ಕಪ್ಪಗೆ, ಗಟ್ಟಿಮುಟ್ಟಾಗಿ, ದಪ್ಪ ಮೀಸೆ ಬಿಟ್ಟುಕೊಂಡಿದ್ದ. ಹೆಗಲ ಮೇಲೆ ಯಾವಾಗಲೂ ಒಂದು ಟವೆಲು. ಬಂದ ಮಾರನೆಯ ದಿನ ಬೆಳಗಿನ ಜಾವವೇ ನಾನು ಎದ್ದು ಹಾಸಿಗೆಯ ಮೇಲೆ ಕೂತಿದ್ದೆ. ಗಾಡಿ ಸದ್ದು ಮಾಡಲಿ, ಹೋಗಿ ಮಂಗಳಾರತಿ ಎತ್ತೋಣ ಅಂತ. ಸದ್ದೇ ಇಲ್ಲ. ಕಿಟಕಿಯಿಂದ ನೋಡಿದರೆ ಆತ ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಬಾಗಿಲಿಗೆ ಹೆಗಲು ಕೊಟ್ಟು ಗಾಡಿಯನ್ನು ತಳ್ಳುತ್ತಿದ್ದಾನೆ. ಹಿಂದಿನಿಂದ ಹೆಂಡತಿ ತಳ್ಳುತ್ತಿದ್ದಾಳೆ. ನಮ್ಮ ಬೀದಿ ಮಾರ್ಕೆಟ್ ರಸ್ತೆಯ ಕಡೆಗೆ ಇಳಿಜಾರು. ಅಲ್ಲಿಯವರೆಗೆ ತಳ್ಳಿಕೊಂಡು ಹೋಗಿ, ಆಮೇಲೆ ಸ್ಟಾರ್ಟ್ ಮಾಡಿದ. ಅಷ್ಟೂ ವರ್ಷ ಒಂದು ದಿನವೂ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಆ ಎಂಜಿನ್ ಕೂಗಲಿಲ್ಲ. ಜಗಳಕ್ಕೆ ಸೊಂಟ ಕಟ್ಟಿ ಕೂತಿದ್ದ ನನಗೆ ಜಗಳವೇ ಸಿಗಲಿಲ್ಲ.

ಕೆ.ಆರ್. ಪುರದ ಸಂತೆಯಿಂದ ಶಿವಾಜಿನಗರದ ಮಾರ್ಕೆಟ್ಟಿಗೆ ತರಕಾರಿ ಹೊಡೆಯುವುದು ಅವನ ದಿನದ ಕೆಲಸ. ಆಗ ಕೆ.ಆರ್. ಪುರದಲ್ಲಿ ತೂಗುಸೇತುವೆ ಇರಲಿಲ್ಲ, ರೈಲ್ವೆ ಗೇಟು. ಗೇಟು ಬಿದ್ದರೆ ಲಾರಿಯವರು, ಬಸ್ಸಿನವರು ಹಾರನ್ನು ಹೊಡೆದು ಹೊಡೆದು ಒಬ್ಬರನ್ನೊಬ್ಬರು ಬೈದುಕೊಳ್ಳುವರು. ಇವನು ಮಾತ್ರ ಎಂಜಿನ್ ಆರಿಸಿ, ಇಳಿದು, ರೊಟ್ಟಿ ಗಂಟು ಬಿಚ್ಚುತ್ತಿದ್ದನಂತೆ. ಯಾರಾದರೂ ಅವಸರ ಮಾಡಿದರೆ, "ಆಗ್ಲಿ ತಗೋರಿ, ಸಾವಕಾಶ" ಅನ್ನುವುದು. ನಲ್ಲಿಯಲ್ಲಿ ನೀರು ನಿಂತರೂ ಅದೇ ಮಾತು, ಕರೆಂಟು ಹೋದರೂ ಅದೇ ಮಾತು. ನಾನು ಒಂದು ಸಲ, "ಏನಪ್ಪಾ, ಪ್ರಳಯ ಆದ್ರೂ ಸಾವಕಾಶ ಅಂತೀಯೇನು?" ಅಂತ ರೇಗಿಸಿದ್ದಕ್ಕೆ ಮೀಸೆಯೊಳಗೇ ನಕ್ಕ.

ಇಂಥ ಮನುಷ್ಯ ವರ್ಷಕ್ಕೆ ಕೆಲವು ಭಾನುವಾರ ಹುಚ್ಚನ ಹಾಗೆ ಗಾಡಿ ಓಡಿಸುತ್ತಾನೆ ಅಂತ ಯಜಮಾನರು ಬಂದು ಹೇಳಿದಾಗ ನಾನು ನಂಬಲಿಲ್ಲ.

ಈ ರೇಸಿನ ವಿಷಯ ಹೇಳಬೇಕು. ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆ ಹೋಗುವಾಗ ಒಳದಾರಿಯಲ್ಲಿ ಒಂದು ಕೆರೆ ಇತ್ತು. ಮಳೆಗಾಲದಲ್ಲಿ ಒಂದಿಷ್ಟು ನೀರು, ಶಿವರಾತ್ರಿಯ ಹೊತ್ತಿಗೆ ಬರೀ ಬಯಲು. ಶಿವರಾತ್ರಿ ಕಳೆದ ಮೊದಲ ಭಾನುವಾರ ಅಲ್ಲಿ ವರ್ಷದ ಮೊದಲ ಪಿಕಪ್ ರೇಸು. ಅಲ್ಲಿಂದ ಮುಂಗಾರು ಬೀಳುವವರೆಗೆ ಆಗೊಂದು ಈಗೊಂದು ನಡೆಯುತ್ತಿದ್ದರೂ ಜನ ಕಿಕ್ಕಿರಿಯುತ್ತಿದ್ದದ್ದು ಈ ಮೊದಲನೆಯದಕ್ಕೆ. ಶಿವಾಜಿನಗರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ ಒಬ್ಬರು, ಎಲ್ಲರ ಬಾಯಲ್ಲೂ ಭಾಯ್, ಅವರೇ ಮುಂದೆ ನಿಂತು ನಡೆಸುವರು. ಇದ್ದದ್ದು ಒಂದೇ ಕಟ್ಟುನಿಟ್ಟು: ಸೋಮವಾರ ಲೋಡ್ ಎತ್ತುವ ಗಾಡಿಯೇ ಭಾನುವಾರ ಓಡಬೇಕು. ಎಂಜಿನ್ನಿಗೆ ಕೈ ಹಾಕುವಂತಿಲ್ಲ, ಚಕ್ರ ಬದಲಿಸುವಂತಿಲ್ಲ. ತರಕಾರಿ ಹೊರುವ ಗಾಡಿ, ಸಿಮೆಂಟು ಹೊರುವ ಗಾಡಿ, ಶಾಮಿಯಾನ ಹೊರುವ ಗಾಡಿ, ಎಲ್ಲ ಮುಂದಿನ ಗಾಜಿಗೆ ವಿಭೂತಿ ಬಳಿದುಕೊಂಡು ಸಾಲಾಗಿ ನಿಲ್ಲುತ್ತಿದ್ದವು.

ಗಾಡಿಗೆ ಏನೂ ಮಾಡುವಂತಿಲ್ಲ ಅಂದ ಮೇಲೆ ಉಳಿಯುವುದು ತೂಕ. ಪಿಕಪ್ಪಿನ ಹಿಂದೆ ಬಾಡಿ ಅನ್ನುತ್ತಾರಲ್ಲ, ಸಾಮಾನು ಹೇರುವ ಜಾಗ, ಅದು ಖಾಲಿಯಿದ್ದರೆ ಗಾಡಿಯ ಹಿಂಭಾಗ ಹಗುರ. ತಿರುವಿನಲ್ಲಿ ಧೂಳಿಗೆ ಜಾರುತ್ತದೆ. ಅದಕ್ಕೆ ಇವರು ಕಂಡುಕೊಂಡ ಉಪಾಯ, ಹಿಂದೆ ಒಬ್ಬ ಆಳನ್ನು ಕೂರಿಸುವುದು. ಮೂಟೆ ಹಾಕಿದರೆ ಆಗುವುದಿಲ್ಲವೇ ಅಂತ ನಾನೂ ಕೇಳಿದ್ದೆ. ಮೂಟೆ ಇದ್ದಲ್ಲೇ ಇರುತ್ತದೆ, ಮನುಷ್ಯನಾದರೆ ಗಾಡಿ ಎಡಕ್ಕೆ ತಿರುಗಿದಾಗ ತಾನೂ ಎಡಕ್ಕೆ ವಾಲಿ ಚಕ್ರವನ್ನು ನೆಲಕ್ಕೆ ಒತ್ತುತ್ತಾನೆ, ಅಂತ ಯಜಮಾನರು ನನಗೆ ಪಾಠ ಮಾಡಿದರು. ಹಳ್ಳಿಗಳಲ್ಲಿ ಲಗ್ಗೇಜ್ ಗಾಡಿಯ ಹಿಂದೆ ಹತ್ತಿ ಓಡಾಡಿದ ಜನ, ಅವರಿಗೆ ಇದು ಅಪಾಯ ಅಂತಲೇ ಅನ್ನಿಸಲಿಲ್ಲ. ಗೆದ್ದ ಮೇಲೆ ಮೊದಲ ಹಾರವೂ ಹಿಂದೆ ಕೂತವನಿಗೇ. ಡ್ರೈವರು ತಾನೇ ಇಳಿದು ಹೋಗಿ ಹಾಕಬೇಕು. ಮತ್ತೊಂದು ರೂಢಿ ಇತ್ತು. ಮೊದಲ ಸುತ್ತಿನಲ್ಲಿ ಗಾಡಿಗಳು ಒಂದನ್ನೊಂದು ಉಜ್ಜಿಕೊಂಡು ಹೋಗುವಾಗ ಪಕ್ಕದ ಕನ್ನಡಿಗಳು ಪುಡಿಯಾಗುತ್ತವೆ, ಸೋಮವಾರ ಕನ್ನಡಿ ಇಲ್ಲದೆ ಕೆಲಸಕ್ಕೆ ಹೋಗುವುದು ಹೇಗೆ ಅಂತ ಎಲ್ಲರೂ ಕನ್ನಡಿ ಮಡಚಿಟ್ಟು ಓಡಿಸುತ್ತಿದ್ದರು.

ಆತನ ಗಾಡಿಯಲ್ಲಿ ಹಿಂದೆ ಕೂರುತ್ತಿದ್ದವನು ಹೆಂಡತಿಯ ತಮ್ಮ. ತಾಯಿ ಇಲ್ಲದ ಮಗುವನ್ನು ಅಕ್ಕನೇ ಸಾಕಿ ದೊಡ್ಡದು ಮಾಡಿದ್ದಳು. ಊರಿನಲ್ಲಿ ಕೆಲಸವಿಲ್ಲ ಅಂತ ಕರೆಸಿಕೊಂಡರು. ಇಪ್ಪತ್ತೈದು ದಾಟಿದ ಗಂಡಸು, ಉದ್ದಕ್ಕೆ ತೆಂಗಿನ ಮರದ ಹಾಗಿದ್ದ. ಬಾಯಿ ತೆಗೆದರೆ ತಮಾಷೆ. ನಮ್ಮ ಅತ್ತೆಯ ಬಾಯಲ್ಲಿ ಹಲ್ಲಿರಲಿಲ್ಲ, ಅವರಿಗೆ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಂದುಕೊಟ್ಟು, "ಅಜ್ಜಿ, ಉಣ್ರಿ, ಮುಂದಿನ ವರ್ಷ ನಿಮಗೂ ಒಂದು ವರ ನೋಡ್ತೀನಿ" ಅನ್ನುತ್ತಿದ್ದ. ಅತ್ತೆ ಕೋಲು ಎತ್ತುವರು, ಅವನು ಓಡುವನು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆ ಅಷ್ಟು ನಕ್ಕದ್ದನ್ನು ಕಂಡಿರಲಿಲ್ಲ.

ಒಂದು ವರ್ಷ ಆ ಮೊದಲ ರೇಸಿಗೆ ಯಜಮಾನರೂ ಕಾರ್ಖಾನೆಯ ಸ್ನೇಹಿತರ ಜೊತೆ ಹೋಗಿದ್ದರು. ಮಧ್ಯಾಹ್ನ ಬಂದವರು ಚಪ್ಪಲಿ ಬಿಡದೆ ನಡುಮನೆಗೆ ಬಂದು ನಿಂತರು. ಮುಖದ ತುಂಬ ಧೂಳು. "ಹಿಂದಿನ ಮನೆ ಹುಡುಗಿ ಹತ್ರ ಹೋಗಿ ಕೂತ್ಕೋ" ಅಂದರು.

ಆದದ್ದನ್ನು ಆತ ನನಗೆ ತಾನಾಗಿ ಹೇಳಿದ್ದು ಒಂದೇ ಸಲ. ಅದಾಗಿ ಎರಡು ವರ್ಷವೇ ಕಳೆದಿತ್ತು. ಕೆರೆಕಟ್ಟೆಯ ಕೆಳಗಿನ ತಿರುವಿನಲ್ಲಿ ಗಾಡಿ ಒಂದು ಗುಂಡಿಗೆ ಇಳಿದು ಎದ್ದಿದೆ. ಹಿಂದೆ ವಾಲಿ ಕೂತಿದ್ದವನು ಎಗರಿ ಬಿದ್ದಿದ್ದಾನೆ. ಹಿಂದಿನ ಗಾಡಿಯವನಿಗೆ ಧೂಳಿನಲ್ಲಿ ಕಂಡದ್ದು ಕೊನೆಯ ಗಳಿಗೆಯಲ್ಲಿ. ಆ ಕಡೆ ಜನ ಓಡುತ್ತಿದ್ದಾರೆ, ಈ ಕಡೆ ಇವನಿಗೆ ಕನ್ನಡಿ ಇಲ್ಲ, ಗೊತ್ತಿಲ್ಲ. ಅದೇ ಕೊನೆಯ ಸುತ್ತು, ಉಳಿದದ್ದನ್ನು ಪೂರ್ತಿ ಓಡಿಸಿದ. ಮೊದಲನೆಯವನಾಗಿ ಬಂದ.

"ಗೆದ್ದೇವೋ ಅಂತ ಒದರಿದೆ ಅಕ್ಕೋರ," ಅಂದ. "ಭಾಯ್ ಮಾಲಿ ಕೊಟ್ರು. ತಗೊಂಡು ಹಿಂದ ಓಡಿದೆ. ಖಾಲಿ ಇತ್ತು. ಮೊದಲ ನಾ ನಕ್ಕೆ ನೋಡ್ರಿ. ಎಲ್ಲೋ ಅಡಗ್ಯಾನ, ಚ್ಯಾಷ್ಟಿ ಮಾಡ್ಲಾಕತ್ತಾನ ಅಂತ ಗಾಡಿ ಬುಡಕ ಬಗ್ಗಿ ನೋಡ್ದೆ. ಮಾಲಿ ಕೈಯಾಗೇ ಇತ್ತು."

ಅಯ್ಯೋ ದೇವರೇ ಅಂದೆ, ಅಷ್ಟೆ.

ಊರಿಗೆ ಹೋಗಿ ಮಣ್ಣು ಮಾಡಿ ಬಂದರು, ಯಜಮಾನರೂ ಜೊತೆಗೆ ಹೋಗಿದ್ದರು. ಪೊಲೀಸು, ಕೇಸು ಎಲ್ಲ ಆಯಿತು, ಎಲ್ಲ ಮುಗಿಯಿತು. ಆಕೆ ಮತ್ತೆ ಒಲೆ ಹಚ್ಚಿದಳು, ರೊಟ್ಟಿ ಬಡಿದಳು, ಗಂಡನಿಗೆ ಬಡಿಸಿದಳು. ಬೆಳಗಿನ ಜಾವ ಗಾಡಿ ತಳ್ಳುವುದಕ್ಕೂ ಬಂದಳು. ಸೀಮೆಎಣ್ಣೆ ಮುಗೀತು, ಅಕ್ಕಿ ತರ್ರಿ, ನೀರು ಬಂತು, ಎಲ್ಲ ಮಾತೂ ಆಡುವಳು. ತಮ್ಮನ ಮಾತೊಂದು ಇಲ್ಲ. ಅತ್ತಳು, ನಿಜ. ಆದರೆ ಗಂಡನ ಎದುರಿಗೆ ಅಳಲಿಲ್ಲ, ಅವನನ್ನು ಒಂದು ಮಾತು ಅನ್ನಲಿಲ್ಲ. ಹೊರಗಿನಿಂದ ನೋಡಿದವರು ಎಂಥ ತಾಳ್ಮೆ ಅಂದರು. ಆ ತಾಳ್ಮೆ ಅವನನ್ನು ದಿನಾ ಸುಡುತ್ತಿತ್ತು.

"ಬೈದ್ರ ಚಲೋ ಇತ್ತ್ರಿ," ಅಂದ ಆವತ್ತು. "ಹೊಡದ್ರೂ ಚಲೋ ಇತ್ತು. ಎಲ್ಲಾ ಮಾತಾಡ್ತಾಳ, ಅದೊಂದು ಮಾತು ಆಡಂಗಿಲ್ಲ. ನಿನ್ನಿಂದ ನನ್ನ ತಮ್ಮ ಹೋದ ಅಂತ ಒಮ್ಮೆ ಅಂದ್ಲಂದ್ರ ನಾ ಆಕಿ ಕಾಲು ಹಿಡ್ಕೊಂಡು ಅತ್ತೇನು. ಏನೂ ಅನ್ನಂಗಿಲ್ಲ, ಕಾಲರೆ ಹ್ಯಾಂಗ ಹಿಡೀಲಿ?"

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಒಂದು ದಿನ ಮಹಡಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ ಅವಳನ್ನು ಹಿಡಿದುಕೊಂಡೆ. "ಒಂದ್ಸಲ ಚೆನ್ನಾಗಿ ಬೈದ್ಬಿಡಮ್ಮಾ. ಅವನೂ ಬದುಕ್ಲಿ, ನೀನೂ ಬದುಕು" ಅಂದೆ. ಆಕೆ ಮೆಣಸಿನಕಾಯಿಯ ತೊಟ್ಟು ಕೀಳುತ್ತಲೇ, "ಏನಂತ ಬೈಲ್ರಿ ಅಕ್ಕೋರ? ಅವನ್ನ ಇಲ್ಲಿಗಿ ಕರಸ್ರಿ ಅಂತ ಬೆನ್ನು ಹತ್ತಿದಾಕಿ ನಾನೇ ಇದ್ದೀನಿ" ಅಂದಳು. ನಾನು ಆ ಮಾತನ್ನು ಅವನಿಗೆ ಮುಟ್ಟಿಸಲಿಲ್ಲ. ಮುಟ್ಟಿಸಿ ಏನು ಮಾಡುವುದು? ಒಂದೇ ಮನೆಯಲ್ಲಿ ಇಬ್ಬರೂ ತಪ್ಪನ್ನು ತಮ್ಮ ತಮ್ಮ ತಲೆಯ ಮೇಲೆ ಹೊತ್ತುಕೊಂಡು ಓಡಾಡುತ್ತಿದ್ದರು.

ಆಮೇಲೆ ಆತನಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಗಾಡಿಯಿಂದ ಇಳಿದರೆ ಸಾಕು, ಹಿಂದೆ ಹೋಗಿ ಬಾಡಿಯೊಳಗೆ ಇಣುಕುವುದು. ಮನೆಯ ಗೇಟಿನ ಮುಂದೆ, ಖಾಲಿ ಗಾಡಿ ಅಂತ ಗೊತ್ತಿದ್ದರೂ ಇಣುಕಿ ನೋಡಿಯೇ ಒಳಗೆ ಬರುವನು. ಪೆಟ್ರೋಲ್ ಬಂಕಿನಲ್ಲಿ, ಟೀ ಅಂಗಡಿಯ ಮುಂದೆ, ಎಲ್ಲ ಕಡೆ ಹಾಗೇ ಅಂತ ಯಜಮಾನರು ಹೇಳಿದರು. ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಆಂಬುಲೆನ್ಸು ಬರುವುದಕ್ಕೆ ತಡವಾಯಿತು. ಆತ ಬಾಡಿಯಲ್ಲಿ ಎರಡು ಹಾಸಿಗೆ ಹಾಸಿ, ಅತ್ತೆಯನ್ನು ಮಲಗಿಸಿ, ಯಜಮಾನರಿಗೆ ಸ್ಟೇರಿಂಗು ಕೊಟ್ಟು, ತಾನು ಹಿಂದೆ ಕೂತು ಅತ್ತೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ನಾನೂ ಅವರ ತಲೆಯ ಹತ್ತಿರ ಕೂತಿದ್ದೆ. ದಾರಿಯುದ್ದಕ್ಕೂ, "ಸರ್, ಸಾವಕಾಶ. ಮುಂದ ಗುಂಡಿ ಅದ. ಸಾವಕಾಶ್ರಿ" ಅನ್ನುತ್ತಲೇ ಇದ್ದ. ಆಸ್ಪತ್ರೆ ಬಂದಾಗ ನೋಡಿದರೆ ಅತ್ತೆ ಗೊರಕೆ ಹೊಡೆಯುತ್ತಿದ್ದಾರೆ, ಅವನ ಅಂಗಿ ಬೆವರಿಗೆ ಒದ್ದೆಮುದ್ದೆ.

ರೇಸು ಒಂದು ವರ್ಷ ನಿಂತಿತ್ತು, ಮತ್ತೆ ಶುರುವಾಯಿತು. ಆತ ಮತ್ತೆ ಓಡಿಸಲಿಲ್ಲ. ಆದರೆ ಶಿವರಾತ್ರಿ ಹತ್ತಿರ ಬಂದರೆ ನಮ್ಮ ಹಿತ್ತಿಲಲ್ಲಿ ಗೋಣಿಚೀಲ ಹರಡಿಕೊಂಡು ಕೂರುವನು. ಚೀಲದೊಳಗೆ ಚೀಲ ಹಾಕಿ, ಮರಳು ತುಂಬಿ, ದೊಡ್ಡ ದಬ್ಬಳದಲ್ಲಿ ಬಾಯಿ ಹೊಲಿಯುವುದು. ತಿರುವಿನಲ್ಲಿ ಒಡೆಯಬಾರದು ಅಂತ ಎರಡೆರಡು ಹೊಲಿಗೆ. ರೇಸಿನ ದಿನ ಅವನ್ನೆಲ್ಲ ಹೇರಿಕೊಂಡು ಹೋಗಿ ಒಂದೊಂದು ಗಾಡಿಗೂ ತಾನೇ ಹೊತ್ತು ಹಾಕುತ್ತಿದ್ದ. "ಹಿಂದ ಯಾರೂ ಕುಂದ್ರಬ್ಯಾಡ್ರಿ" ಅನ್ನುವುದು, ಮೂಟೆ ಇಳಿಸುವುದು, ಮುಂದಿನ ಗಾಡಿಗೆ ಹೋಗುವುದು. ಹೆಂಡತಿ ಹಿತ್ತಿಲಲ್ಲಿ ಅವನ ಪಕ್ಕದಲ್ಲೇ ಪಾತ್ರೆ ತಿಕ್ಕುವಳು. ಯಾಕೆ ಹೊಲಿಯುತ್ತೀಯ ಅಂತ ಕೇಳಿದವಳಲ್ಲ.

ಮೊದಮೊದಲು ಎಲ್ಲರೂ ಮರ್ಯಾದೆ ಕೊಟ್ಟು ಮೂಟೆಯನ್ನೇ ಹಾಕಿಕೊಂಡರು. ಸತ್ತವನನ್ನು ಕಂಡವರು ಅವರೆಲ್ಲ. ವರ್ಷ ಕಳೆದ ಹಾಗೆ ಹೊಸಬರು ಬಂದರು, ಹೊಸ ಗಾಡಿ ಬಂದವು. ಹೊಸಕೋಟೆಯ ಕಡೆಯವರು ಮತ್ತೆ ಆಳು ಕೂರಿಸಿ ಗೆಲ್ಲತೊಡಗಿದರು. ಆಗ ಹಲಸೂರಿನವರಿಗೂ, ಶಿವಾಜಿನಗರದವರಿಗೂ ತಡೆಯಲಾಗಲಿಲ್ಲ. ಈತನ ಮೂಟೆಗಳು ಗಾಡಿ ಹತ್ತದೆ ಅಲ್ಲೇ ಬೇಲಿಯ ಪಕ್ಕ ಬಿದ್ದಿರುತ್ತಿದ್ದವಂತೆ.

ಹೀಗೇ ಒಂದು ವರ್ಷ ಶಿವರಾತ್ರಿಯ ಹಿಂದಿನ ದಿನ ಆತ ನಮ್ಮ ಯಜಮಾನರ ಹತ್ತಿರ, "ಈ ವರ್ಷ ಆಳು ಕುಂದ್ರಸಿದ್ರ ಮೊದಲ ನಾ ಕುಂದ್ರತೀನ್ರಿ ಸರ್. ನಾ ಬಿದ್ರ ಬೀಳ್ತೀನಿ, ಎಲ್ಲಾರೂ ನೋಡ್ಲಿ. ಅವಾಗರೆ ನಿಲ್ಲಸ್ತಾರ" ಅಂದನಂತೆ. ಯಜಮಾನರು ನನಗೆ ಹೇಳಿದರು. ನಾನು ಸೀದಾ ಹಿಂದಿನ ಮನೆಗೆ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು.

"ನಿನ್ನ ಗಂಡ ಸಾಯೋಕೆ ಹೊರಟಿದ್ದಾನೆ ಕಣಮ್ಮಾ," ಅಂದೆ. ಹೇಳಿದ್ದೇ ಹಾಗೆ, ಸುತ್ತಿ ಬಳಸಲಿಲ್ಲ. ಎಲ್ಲ ಕೇಳಿಸಿಕೊಂಡಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು. ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ಉಂಡೆ ತೆಗೆದುಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ಇವಳೆಂಥ ಹೆಂಗಸು ಅಂದುಕೊಂಡು ಬಂದುಬಿಟ್ಟೆ.

ಭಾನುವಾರ ಆತ ಮೂಟೆ ಹೇರಿಕೊಂಡು ಹೋದ ಸ್ವಲ್ಪ ಹೊತ್ತಿಗೆ ಆಕೆ ನಮ್ಮ ಬಾಗಿಲಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಅಕ್ಕೋರ, ನಡೀರಿ. ನನಗ ಜಾಗಾ ಗೊತ್ತಿಲ್ಲ."

ಅಷ್ಟು ವರ್ಷದಲ್ಲಿ ತಮ್ಮ ಬಿದ್ದ ಜಾಗವನ್ನು ಆಕೆ ನೋಡಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಯಜಮಾನರು ಜ್ವರ ಬಂದು ಮಲಗಿದ್ದರು, ಮಲಗಿದ್ದಲ್ಲಿಂದಲೇ ದಾರಿ ಹೇಳಿದರು. ಆಟೋ ಹಿಡಿದೆವು. ಹೊಸ ತೂಗುಸೇತುವೆ ದಾಟಿ, ಕೆ.ಆರ್. ಪುರ ದಾಟಿ, ಒಳದಾರಿಗೆ ಬಿದ್ದು, ಜನರ ಗದ್ದಲ ಕೇಳಿಸಿದ ಕಡೆಗೆ ನಡೆದೆವು. ಆಕೆ ಕೆರೆಯ ಕಟ್ಟೆ ಹತ್ತಿದಾಗ ಕೆಳಗಿನ ತಿರುವನ್ನು ನೋಡಿ, "ಇಲ್ಲೇನ್ರಿ?" ಅಂದಳು. ಇರಬೇಕು ಅಂದೆ. ಒಂದು ಗಳಿಗೆ ನಿಂತು ಇಳಿದಳು.

ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಹಿಂದೆಯೂ ಒಬ್ಬೊಬ್ಬ ಆಳು, ತಲೆಗೆ ಟವೆಲು ಬಿಗಿದುಕೊಂಡು ಕೂತಿದ್ದಾರೆ. ಮೊದಲ ಸಾಲಿನ ಗಾಡಿಯ ಸುತ್ತ ಮಾತ್ರ ಗಲಾಟೆ. ಹಲಸೂರಿನ ಯಾವನೋ ಹುಡುಗನ ಗಾಡಿ ಅದು. ಹಿಂದೆ ಕೂರಬೇಕಾದವನು ಕೆಳಗೆ ನಿಂತಿದ್ದಾನೆ, ಬಾಡಿಯಲ್ಲಿ ನಮ್ಮ ಮನುಷ್ಯ ಕಾಲು ಚಾಚಿ ಕೂತುಬಿಟ್ಟಿದ್ದಾನೆ.

"ಅಣ್ಣಾ, ಇಳೀಣ್ಣಾ, ಟೈಮ್ ಆಗ್ತಿದೆ," ಅನ್ನುತ್ತಿದ್ದ ಡ್ರೈವರು ಹುಡುಗ. "ನಿಂಗೇನಾದ್ರೂ ಆದ್ರೆ ನಾನ್ ಸಾಯ್ಬೇಕು."

"ಅವಗಾದ್ರ ನಡೀತದ, ನನಗಾದ್ರ ನಡಿಯಂಗಿಲ್ಲೇನು?" ಅಂದ ಈತ, ಕೆಳಗೆ ನಿಂತವನನ್ನು ತೋರಿಸಿ. "ಓಡಿಸು. ಕನ್ನಡಿ ಮಡಚಿ ಓಡಿಸು."

ಭಾಯ್‌ಗೆ ವಯಸ್ಸಾಗಿತ್ತು, ಗಡ್ಡ ಪೂರ್ತಿ ಬೆಳ್ಳಗೆ. "ಅರೇ, ಯಾಕೆ ಹಠ ಮಾಡ್ತೀರಿ? ಸೀಸನ್‌ದು ಮೊದಲ್ನೇ ರೇಸ್ ಇದೆ, ಇಷ್ಟು ಜನ ಬಂದಿದ್ದಾರೆ. ಹೊಸಕೋಟೆಯವ್ರು ಆಳು ಕೂರಿಸಿದ್ರೆ ನಮ್ಮ ಹುಡುಗ್ರು ಮೂಟ್ಟೆ ಇಟ್ಕೊಂಡು ಸೋಲ್ಬೇಕಾ? ನಾನು ಏನ್ ಮಾಡ್ಲಿ, ನೀವೇ ಹೇಳಿ," ಅಂತ ಕೈ ಮುಗಿಯುತ್ತಿದ್ದರು. ಹಿಂದಿನ ಸಾಲಿನವರು ಹಾರನ್ನು ಒತ್ತಿ ಹಿಡಿದರು. ಯಾರೋ, "ಗುರು, ಎಳ್ದು ಹಾಕ್ರೋ ಅವ್ನ್ನ" ಅಂತ ಕೂಗಿದ. ಡ್ರೈವರು ಹುಡುಗನಿಗೂ ರೋಸಿಹೋಯಿತೋ ಏನೋ, ಕ್ಯಾಬಿನ್ ಹತ್ತಿ ಬಾಗಿಲು ಬಡಿದುಕೊಂಡ. ಎಂಜಿನ್ ಸ್ಟಾರ್ಟ್ ಆಯಿತು.

ನನ್ನ ಪಕ್ಕದಲ್ಲಿ ಆಕೆ ಇರಲಿಲ್ಲ. ಜನರನ್ನು ತಳ್ಳಿಕೊಂಡು ಹೋಗಿ ಗಾಡಿಯ ಹಿಂದೆ ನಿಂತಿದ್ದಳು. ಬಾಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಇಳೀರಿ ಕೆಳಗ."

ಆತ ತಿರುಗಿ ನೋಡಿದ. ಹೆಂಡತಿ ಅಲ್ಲಿ ಬರುತ್ತಾಳೆ ಅಂತ ಅವನಿಗೆ ಕನಸಿನಲ್ಲೂ ಇರಲಿಲ್ಲ.

"ಇಳೀರಿ ಅಂದೆ. ಒಬ್ಬನ್ನ ಕೊಟ್ಟು ಕುಂತೀನಿ. ಇನ್ನೊಬ್ಬರನ್ನ ಕೊಡಂಗಿಲ್ಲ."

ಜೋರಾಗಿ ಹೇಳಲಿಲ್ಲ. ಆದರೆ ಹತ್ತಿರ ಇದ್ದವರಿಗೆಲ್ಲ ಕೇಳಿಸಿತು. ಯಾರು ಈಕೆ ಅಂತ ಹಳಬರು ಹೊಸಬರಿಗೆ ಹೇಳುತ್ತಿದ್ದದ್ದೂ ನನಗೆ ಕೇಳಿಸಿತು. ಒಂದೊಂದೇ ಗಾಡಿಯ ಹಾರನ್ನು ನಿಂತಿತು. ಆತ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುವುದಕ್ಕೆ ಶುರುಮಾಡಿದ. ಬಾಡಿಯಲ್ಲಿ ಕೂತು, ಮಂಡಿಯ ಮೇಲೆ ತಲೆಯಿಟ್ಟು, ಅಷ್ಟು ಜನರ ನಡುವೆ, ಅಷ್ಟು ದೊಡ್ಡ ಮೀಸೆಯ ಗಂಡಸು. ಮಣ್ಣು ಮಾಡಿದ ದಿನವೂ ಆತ ಅತ್ತಿರಲಿಲ್ಲ ಅಂತ ಯಜಮಾನರು ಹೇಳಿದ್ದರು. ನನ್ನ ಕಣ್ಣೂ ತುಂಬಿತು.

ಭಾಯ್ ಎರಡೂ ಕೈ ಮೇಲೆತ್ತಿದರು. "ಎಲ್ರೂ ಇಳೀರಿ. ಆಳು ಎಲ್ಲಾ ಇಳೀರಿ. ಮೂಟ್ಟೆ ಹಾಕಿದ್ರೆ ರೇಸ್, ಇಲ್ಲಾ ಅಂದ್ರೆ ಇಲ್ಲ. ನಾನು ಇರೋ ತನ್ಕ ಇದೇ," ಅಂದರು. ಹೊಸಕೋಟೆಯವರು ಏನೋ ಗೊಣಗಿದರು. ಆದರೆ ಹಿಂದೆ ಕೂತವರು ಒಬ್ಬೊಬ್ಬರಾಗಿ ಕೆಳಗೆ ಹಾರಿದರು. ಹುಡುಗರು ಬೇಲಿಯ ಪಕ್ಕದಿಂದ ಮೂಟೆ ಹೊತ್ತು ತರತೊಡಗಿದರು. ರೇಸು ಹೇಗಾಯಿತು, ಯಾರು ಗೆದ್ದರು, ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ನಿಲ್ಲಲಿಲ್ಲ.

ಮೂವರೂ ಅವನ ಗಾಡಿಯ ಕ್ಯಾಬಿನ್ನಿನಲ್ಲಿ ಕೂತೆವು. ಆತ ಓಡಿಸುತ್ತಿದ್ದ, ಆಕೆ ನಡುವೆ, ನಾನು ಬಾಗಿಲ ಕಡೆ. ತೂಗುಸೇತುವೆ ಹತ್ತುವಾಗ ಆಕೆ ಶುರುಮಾಡಿದಳು ನೋಡಿ.

"ಒಮ್ಮೆ ಹಿಂದ ತಿರುಗಿ ನೋಡ್ಲಾಕ ಏನಾಗಿತ್ತು ನಿನಗ?"

ಅಲ್ಲಿಯವರೆಗೆ ಗಂಡನಿಗೆ ರೀ ಹಚ್ಚದೆ ಮಾತಾಡಿದವಳೇ ಅಲ್ಲ.

"ಒಮ್ಮೆ, ಒಂದೇ ಒಮ್ಮೆ! ಕಣ್ಣು ಏನಾಗಿದ್ವು? ಬಗಲಾಗ ಎತ್ಗೊಂಡು ಬೆಳಸೀನಿ ಅವನ್ನ. ಅವ್ವ ಸತ್ತಾಗ ಅವಗ ಹಲ್ಲು ಬಂದಿದ್ದಿಲ್ಲ. ಮೂಟಿ ಮಾಡಿ ಹಿಂದ ಒಗದ್ಯಲ್ಲೋ! ಗೆದ್ದೆ ಅಂತ ಒದರಿದ್ಯಂತಲ್ಲ, ಯಾರ್ನ್ನ ಗೆದ್ದಿ? ನನ್ನ ಬಾಯಿ ಸುಡ್ಲಿ, ಕರಸು ಕರಸು ಅಂತ ನಿನ್ನ ಬೆನ್ನು ಹತ್ತಿದೆ. ಈಗ ನೀನೂ ಹೋಗಿ ಅಲ್ಲೇ ಬೀಳ್ತೀಯಾ? ನಾ ಯಾರ್ನ್ನ ನೋಡ್ಕೊಂಡಿರ್ಲಿ? ಹೇಳು, ಯಾರ್ನ್ನ ನೋಡ್ಕೊಂಡಿರ್ಲಿ?"

ಅಳುತ್ತಾ, ಅವನ ತೋಳಿಗೆ ಗುದ್ದುತ್ತಾ, ಉಸಿರು ಕಟ್ಟಿದಾಗ ನಿಲ್ಲಿಸಿ ಮತ್ತೆ ಶುರುಮಾಡುತ್ತಾ ಬೈದಳು. ನಾನು ಕೇಳರಿಯದ ಬೈಗುಳವೆಲ್ಲ ಬಂದವು. ಆತ ರಸ್ತೆ ನೋಡಿಕೊಂಡು, "ಹೂಂ. ಹೌದು. ಹೂಂ" ಅನ್ನುತ್ತಿದ್ದ. ಕಣ್ಣಿನಿಂದ ನೀರು ಸುರಿದು ಮೀಸೆಯಲ್ಲಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಟಿನ್ ಫ್ಯಾಕ್ಟರಿಯ ಹತ್ತಿರ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಿತು. ಪಕ್ಕದ ಬಸ್ಸಿನವರೆಲ್ಲ ಕಿಟಕಿಯಿಂದ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ. ನನಗೆ ಮುಜುಗರವಾಯಿತು, ಅವಳ ಸಂಕಟವನ್ನೂ ನೋಡಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು, "ಸಾಕು ಬಿಡಮ್ಮಾ, ಸಾಕು" ಅಂದೆ.

ಆತ ಸ್ಟೇರಿಂಗಿನಿಂದ ಕೈ ತೆಗೆದು ನನ್ನನ್ನು ತಡೆದ.

"ಬ್ಯಾಡ್ರಿ ಅಕ್ಕೋರ," ಅಂದ. "ನಿಲ್ಲಸಬ್ಯಾಡ್ರಿ. ಬೈಲಿ."